ಗಾಜಿನ ಈಚೆಗೆ ನಿಂತ ಮೂರು ದಿನ

ಆ ಸಲಹೆಗಾರ ಮಹಾಶಯರು ನಮ್ಮ ಕಾರ್ಖಾನೆಗೆ ಬಂದು ಹನ್ನೆರಡು ದಿನ ಇದ್ದರು. ಹನ್ನೆರಡು ದಿನವೂ ಕಾನ್ಫರೆನ್ಸ್ ರೂಮಿನ ಎ.ಸಿ. ಬಿಟ್ಟು ಕದಲಲಿಲ್ಲ. ಔಷಧ ತುಂಬುವ ಕೋಣೆಯ ಕಡೆ ಅವರ ನೆರಳೂ ಬೀಳಲಿಲ್ಲ. ಹನ್ನೆರಡನೇ ದಿನ ನಮ್ಮನ್ನೆಲ್ಲ ಕೂರಿಸಿಕೊಂಡು, ಗಂಟಲು ಸರಿಮಾಡಿಕೊಂಡು, ‘ನಾನು ಇಲ್ಲಿ ಗಮನಿಸಿದ್ದೇನೆಂದರೆ’ ಎಂದು ಶುರುಮಾಡಿದರು. ನನಗೆ ಮೈಯೆಲ್ಲ ಉರಿಯಿತು. ಏನನ್ನು ಗಮನಿಸಿದರು? ಪ್ರೊಜೆಕ್ಟರನ್ನೇ? ಬಿಸ್ಕತ್ತಿನ ತಟ್ಟೆಯನ್ನೇ?

ಅವರು ಮಾಡಿದ್ದು ವಿಶ್ಲೇಷಣೆ. ನಮ್ಮ ಲ್ಯಾಬಿನಿಂದ ಅಂಕಿಗಳನ್ನು ತರಿಸಿಕೊಂಡು, ಪಾಳಿಯ ಪ್ರಕಾರ ಒಮ್ಮೆ, ವಾರದ ಪ್ರಕಾರ ಒಮ್ಮೆ, ಆಳಿನ ಪ್ರಕಾರ ಒಮ್ಮೆ ಕತ್ತರಿಸಿ, ಒಂದೊಂದು ಹೋಳಿಗೂ ಒಂದೊಂದು ಬಣ್ಣ ಹಚ್ಚಿದ್ದರು. ಅದಕ್ಕೂ ಗಮನಿಸುವುದಕ್ಕೂ ವ್ಯತ್ಯಾಸ ಇದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಆ ದಿನ ನನಗೂ ಗೊತ್ತಿರಲಿಲ್ಲ. ಆದರೂ ಅವರನ್ನು ಬೈಯುವ ಹಕ್ಕನ್ನು ನಾನು ಬಿಟ್ಟುಕೊಡುವುದಿಲ್ಲ.

ನಮ್ಮದು ಗೋವಾದ ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕಣ್ಣಿಗೆ ಹಾಕುವ ಹನಿ ಔಷಧ ತಯಾರಿಸುವ ಕಾರ್ಖಾನೆ. ನಾನು ಅಲ್ಲಿ ಮೈಕ್ರೋಬಯಾಲಜಿಸ್ಟ್. ಸೂಕ್ಷ್ಮಜೀವಿಗಳನ್ನು ಹುಡುಕುವುದು, ಸಿಗದಿದ್ದರೆ ಸಂತೋಷಪಡುವುದು ನನ್ನ ಕೆಲಸ. ಔಷಧ ತುಂಬುವ ಕೋಣೆಯೊಳಗೆ ಹೋಗುವವರು ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು, ಮುಖಕ್ಕೆ ಮಾಸ್ಕು, ಕಣ್ಣಿಗೆ ದೊಡ್ಡ ಕನ್ನಡಕ, ಕೈಗೆ ಎರಡು ಜೊತೆ ಗವಸು ಹಾಕಿಕೊಳ್ಳಬೇಕು. ಬೆಳಿಗ್ಗೆ ಮಷಿನ್ ಚಾಲೂ ಮಾಡಿದವರು, ಮಾಡಿದ ಕೂಡಲೇ, ಗವಸಿನ ಐದೂ ಬೆರಳುಗಳನ್ನು ಒಂದು ಗಾಜಿನ ತಟ್ಟೆಯ ಮೇಲೆ ಮೆಲ್ಲಗೆ ಒತ್ತಬೇಕು. ತಟ್ಟೆಯಲ್ಲಿ ಸೂಕ್ಷ್ಮಜೀವಿಗಳಿಗೆ ಊಟವಾಗುವ ಮೆತ್ತನೆಯ ಜೆಲ್ಲಿ ಇರುತ್ತದೆ. ಅದನ್ನು ಐದು ದಿನ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಟ್ಟು ತೆಗೆದರೆ ತಟ್ಟೆ ಖಾಲಿ ಇರಬೇಕು. ಬೆರಳು ಒತ್ತಿದಲ್ಲಿ ಸಾಸಿವೆಯಷ್ಟು ಒಂದು ಚುಕ್ಕೆ ಎದ್ದರೂ ಆ ದಿನದ ಔಷಧವೆಲ್ಲ ಗೋದಾಮಿನಲ್ಲಿ ಕೊಳೆಯುತ್ತ ಕೂರುತ್ತದೆ.

ಈ ಮಳೆಗಾಲದಲ್ಲಿ ಹನ್ನೊಂದು ತಟ್ಟೆಗಳಲ್ಲಿ ಚುಕ್ಕೆ ಎದ್ದಿತು. ಒಂಬತ್ತು ತಟ್ಟೆಗಳು ಒಬ್ಬಳೇ ಹೆಂಗಸಿನವು.

ಅವಳು ಆ ಲೈನಿನ ಹಿರಿಯ ಆಪರೇಟರ್. ಹಾವೇರಿ ಕಡೆಯವಳು. ತಂದೆ ತಾಯಿ ರಸ್ತೆ ಕೆಲಸಕ್ಕೆಂದು ಗೋವಾಕ್ಕೆ ಬಂದಾಗ ಕೈಕೂಸು. ಇಲ್ಲೇ ಪಿ.ಯು.ಸಿ. ಓದಿ, ಹನ್ನೆರಡು ವರ್ಷದಿಂದ ಅದೇ ಮಷಿನ್ ಮುಂದೆ ನಿಂತಿದ್ದಾಳೆ, ಆದರೆ ಇನ್ನೂ ಕಾಂಟ್ರ್ಯಾಕ್ಟಿನ ಮೇಲೆ. ಝುವಾರಿನಗರದ ಬಸ್ತಿಯಲ್ಲಿ ಮನೆ. ನಾನು ಧಾರವಾಡದವನು, ಮಡಗಾಂವದಲ್ಲಿ ಫ್ಲ್ಯಾಟು. ಇಬ್ಬರೂ ಕನ್ನಡದವರು, ಒಂದೇ ಕಂಪನಿ ಬಸ್ಸು ನಿಲ್ಲುವ ಗೇಟಿನಲ್ಲಿ ಇಳಿಯುವವರು. ಅಷ್ಟು ವರ್ಷದಲ್ಲಿ ನಾನು ಅವಳ ಜೊತೆ ಹತ್ತು ಮಾತು ಆಡಿರಲಿಲ್ಲ. ಗೋವಾದಲ್ಲಿ ಸಂಬಳದ ಕನ್ನಡಿಗರು ಕೂಲಿಯ ಕನ್ನಡಿಗರನ್ನು ಕಂಡರೆ ಇಂಗ್ಲಿಷಿನಲ್ಲಿ ಮಾತಾಡುತ್ತೇವೆ. ಇದು ಹೆಮ್ಮೆಯಿಂದ ಹೇಳುವ ಮಾತಲ್ಲ.

ಸಲಹೆಗಾರರ ಕೊನೆಯ ಸ್ಲೈಡಿನಲ್ಲಿ ಒಂದು ದುಂಡನೆಯ ಚಿತ್ರವಿತ್ತು. ಅದರ ಮುಕ್ಕಾಲಿಗಿಂತ ಹೆಚ್ಚು ಭಾಗ ಕೆಂಪು. ಕೆಂಪು ಎಂದರೆ ಅವಳು. ಉಳಿದ ಎರಡು ತಟ್ಟೆಗಳನ್ನು ‘ಅಪವಾದ’ ಎಂದು ಮೂಲೆಗೆ ತಳ್ಳಿದ್ದರು. ಒಂದನ್ನು ಲ್ಯಾಬಿನ ಟಿಪ್ಪಣಿಯೇ ಲೆಕ್ಕದಿಂದ ಬಿಟ್ಟಿತ್ತು, ಇನ್ನೊಂದು ಅವರ ಚಿತ್ರದ ಅಂದ ಕೆಡಿಸುತ್ತಿತ್ತು. ಮೂಲ ಕಾರಣ: ವ್ಯಕ್ತಿಯ ಶುಚಿತ್ವ. ಉಪಕಾರಣ: ವಾಸಸ್ಥಳ. ನೀರಿನ ಅನುಕೂಲವಿಲ್ಲದ ಬಸ್ತಿಗಳಲ್ಲಿ ಇರುವವರ ಸ್ನಾನದ ಅಭ್ಯಾಸಗಳ ಬಗ್ಗೆ ಅವರು ನಾಲ್ಕು ಮಾತು ಆಡಿದರು. ತಮ್ಮ ಬಾಟಲಿ ನೀರಿನಲ್ಲಿ ಗಂಟಲು ಒದ್ದೆಮಾಡಿಕೊಂಡು ಆಡಿದರು.

ನಾನು ಒಂದು ಪ್ರಶ್ನೆ ಕೇಳಿದೆ. ವಾರದಲ್ಲಿ ಐದು ದಿನ ಮಷಿನ್ ಚಾಲೂ ಮಾಡುವವಳೇ ಅವಳು, ತಟ್ಟೆಗಳೂ ಅವಳವೇ ಹೆಚ್ಚು, ಹಾಗಿದ್ದ ಮೇಲೆ ಚುಕ್ಕೆಗಳೂ ಅವಳವೇ ಹೆಚ್ಚಿರುವುದು ಸಹಜ ಅಲ್ಲವೇ? ಅವರು ನಕ್ಕು, ‘ಅದಕ್ಕೇ ಅವಳು ಅಪಾಯ’ ಎಂದರು. ಆ ಉತ್ತರಕ್ಕೆ ತಲೆಯಾಡಿಸಿದವರು ಆರು ಜನ. ಎಲ್ಲರೂ ಡಿಗ್ರಿ ಇರುವವರು.

ಸಭೆ ಮುಗಿದ ಮೇಲೆ ಪ್ಲಾಂಟ್ ಮ್ಯಾನೇಜರು ನನ್ನನ್ನು ಬದಿಗೆ ಕರೆದರು. ಬೆಳಗಾವಿಯವರು, ವ್ಯಾಪಾರಸ್ಥರ ಮನೆತನದವರು.

“ನಿಮ್ಮ ಮಂದೀನ ಅಲ್ರೀ ಆಕಿ? ನೀವ ಹೇಳಿಬಿಡ್ರಿ. ಈ ತಿಂಗಳ ಕಡೀಕ ಕಾಂಟ್ರ್ಯಾಕ್ಟ್ ಮುಗೀತದ, ಮುಂದ ಮಾಡಂಗಿಲ್ಲ ಅಂತ. ಇವತ್ತಿನಿಂದ ಕಾರ್ಡ್ ಬಂದ್. ಸುಮ್ಮ ಗೇಟಿನ್ಯಾಗ ಕುಂದ್ರಲಿ.”

ನಿಮ್ಮ ಮಂದಿ! ಆಡುತ್ತಿದ್ದದ್ದು ಅಚ್ಚ ಕನ್ನಡ. ಆದರೂ ಅವಳು ನನ್ನ ಮಂದಿ, ಅವರ ಮಂದಿ ಅಲ್ಲ. ನಾನು “ಆತ್ರಿ” ಎಂದೆ. ಅವರ ಮೇಲೆ ಇವತ್ತಿಗೂ ಇರುವ ತಾತ್ಸಾರದಲ್ಲಿ ಅರ್ಧ ಪಾಲು ಆ “ಆತ್ರಿ”ಗೆ ಸೇರಬೇಕು.

ಸೆಕ್ಯುರಿಟಿ ಗೇಟಿನ ಪಕ್ಕದ ಸಿಮೆಂಟು ಬೆಂಚಿನ ಮೇಲೆ ಅವಳು ಟಿಫಿನ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಹೇಳಬೇಕಾದ್ದನ್ನು ಹೇಳಿದೆ. ಅವಳು ಅಳಲಿಲ್ಲ, ಜಗಳ ತೆಗೆಯಲಿಲ್ಲ.

“ಸರ, ನಾ ದಿನಾ ಎರಡ ಸಲ ಜಳಕಾ ಮಾಡ್ತೇನ್ರಿ. ಮನ್ಯಾಗ ಒಮ್ಮೆ, ಇಲ್ಲೆ ಬಂದ ಮ್ಯಾಲೆ ಒಮ್ಮೆ. ಕೆಲಸಾ ಬರಂಗಿಲ್ಲ ಅಂತ ತಗೀರಿ, ಬ್ಯಾಡನ್ನಂಗಿಲ್ಲ. ಕೊಳಕ ಅದಾಳ ಅಂತ ತಗದ್ರ ವೆರ್ಣಾದಾಗ ಯಾವ ಗೇಟಿನ್ಯಾಗೂ ನನ್ನ ಒಳಗ ಬಿಡಂಗಿಲ್ರಿ. ಮಗಳು ಹತ್ತನೇತ್ತ ಅದಾಳ.”

ಅದು ನಿಜವಾಗಿತ್ತು. ಔಷಧ ಕಾರ್ಖಾನೆಗಳ ಗೇಟುಗಳಲ್ಲಿ ಕಾಂಟ್ರ್ಯಾಕ್ಟರುಗಳು ಅವರೇ, ಬಾಯಿಗಳೂ ಅವೇ, ಒಂದು ಗೇಟಿನ ಮಾತು ಮರುದಿನವೇ ಇನ್ನೊಂದಕ್ಕೆ ಮುಟ್ಟುತ್ತದೆ. ತಿಂಗಳು ಮುಗಿಯಲು ಹದಿನೆಂಟು ದಿನ ಇತ್ತು. ವರದಿಗೆ ಮೈಕ್ರೋಬಯಾಲಜಿಸ್ಟಿನ ಸಹಿ ಬೇಕು, ಅಂದರೆ ನನ್ನದು.

ಸಹಿ ಹಾಕುವ ಮೊದಲು ನಾನೇ ಒಮ್ಮೆ ನೋಡಿಬಿಡುತ್ತೇನೆ ಎಂದು ಕೂತೆ. ನೋಡುವುದು ಎಂದರೆ ನನಗೂ ಕುರ್ಚಿಯಲ್ಲಿ ಕೂರುವುದೇ. ಚುಕ್ಕೆಗಳಿಗೆ ಬಣ್ಣ ಹಾಕಿ ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆ. ದ್ರಾಕ್ಷಿ ಗೊಂಚಲಿನ ಹಾಗೆ ಗುಂಪುಗೂಡಿದ ದುಂಡು ಜೀವಿಗಳು, ಮನುಷ್ಯರ ಚರ್ಮದ ಮೇಲೆ ಇರುವಂಥವು. ನೀರಿನಿಂದ ಬಂದದ್ದಲ್ಲ, ಗಾಳಿಯಿಂದ ಬಂದದ್ದಲ್ಲ, ಮನುಷ್ಯನಿಂದ ಬಂದದ್ದು. ಅಷ್ಟು ಗೊತ್ತಾಯಿತು. ಆದರೆ ಗವಸು ಹಾಕಿದ, ಸ್ಪಿರಿಟ್ ಸಿಂಪಡಿಸಿಕೊಂಡ ಬೆರಳ ತುದಿಗೆ ಮನುಷ್ಯನ ಚರ್ಮ ಎಲ್ಲಿಂದ ತಾಗಿತು ಎಂಬುದು ಗೊತ್ತಾಗಲಿಲ್ಲ.

ಆಮೇಲೆ ಕ್ಯಾಮೆರಾದ ದೃಶ್ಯಗಳನ್ನು ತೆರೆದೆ. ಅದಕ್ಕೊಂದು ಚೆಕ್‌ಲಿಸ್ಟು ಇದೆ, ಇಪ್ಪತ್ತೆರಡು ಸಾಲಿನದು. ಸ್ಪ್ರೇ ಮಾಡಿದರೇ? ಹೌದು. ಮಷಿನ್ನಿನ ಗಾಜಿನ ಗಾರ್ಡು ಮುಚ್ಚಿದರೇ? ಹೌದು. ದೀಪ ನೋಡಿದರೇ? ಹೌದು. ಕೈ ಸೊಂಟಕ್ಕಿಂತ ಕೆಳಗೆ ಹೋಯಿತೇ? ಇಲ್ಲ. ಒಂಬತ್ತು ದಿನದ ದೃಶ್ಯ, ಒಂಬತ್ತು ಚೆಕ್‌ಲಿಸ್ಟು, ಒಂಬತ್ತರಲ್ಲೂ ಎಲ್ಲ ಸರಿ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ್ದೇನೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಸಲಹೆಗಾರರ ತಂಡವೂ ಇದೇ ದೃಶ್ಯ, ಇದೇ ಚೆಕ್‌ಲಿಸ್ಟು ಹಿಡಿದು ಇದೇ ಉತ್ತರ ಬರೆದಿತ್ತು. ಅವರನ್ನು ಕತ್ತೆಗಳು ಎಂದು ಬೈದುಕೊಂಡೇ ನಾನು ಅವರು ಬರೆದದ್ದನ್ನೇ ಬರೆದೆ.

ನಾಲ್ಕು ದಿನ ಹೀಗೆ ಹಾಳಾದ ಮೇಲೆ, ಕ್ಯಾಂಟೀನಿನಲ್ಲಿ ಪಾವ್ ಮುರಿಯುತ್ತಿದ್ದಾಗ ಒಂದು ಯೋಚನೆ ಬಂತು. ನಾನು ಹುಡುಕುತ್ತಿರುವುದೆಲ್ಲ ಚೆಕ್‌ಲಿಸ್ಟಿನಲ್ಲಿ ಮೊದಲೇ ಹೆಸರಿರುವ ತಪ್ಪುಗಳನ್ನು. ಹೆಸರೇ ಇಲ್ಲದ ತಪ್ಪು ಇದ್ದರೆ? ಅದನ್ನು ಹುಡುಕಲು ಬರುವುದಿಲ್ಲ, ಅದು ಕಣ್ಣಿಗೆ ಬೀಳಬೇಕು. ಬೀಳಬೇಕಾದರೆ ಪೆನ್ನು ಕೆಳಗಿಟ್ಟು ನಿಲ್ಲಬೇಕು. ಔಷಧ ತುಂಬುವ ಕೋಣೆಯ ಗೋಡೆಯಲ್ಲಿ ಕಾರಿಡಾರಿನ ಕಡೆಗೆ ಒಂದು ದೊಡ್ಡ ಗಾಜಿದೆ. ಹೊರಗಿನಿಂದ ಬರುವ ತಪಾಸಣಾ ಅಧಿಕಾರಿಗಳಿಗೆ ತೋರಿಸಲೆಂದು ಹಾಕಿಸಿದ್ದು. ನಮ್ಮಲ್ಲಿ ಯಾರೂ ಅಲ್ಲಿ ನಿಂತದ್ದನ್ನು ನಾನು ಕಂಡಿಲ್ಲ.

ನಿಲ್ಲುತ್ತೇನೆ ಎಂದು ಹೇಳಿದ್ದಕ್ಕೆ ಪ್ಲಾಂಟ್ ಮ್ಯಾನೇಜರು ಕೇಳಿದ ಮೊದಲ ಪ್ರಶ್ನೆ, “ಫಾರ್ಮ್ಯಾಟ್ ಯಾವುದ್ರಿ?”

“ಫಾರ್ಮ್ಯಾಟ್ ಇಲ್ರಿ. ಸುಮ್ಮನ ನೋಡ್ತೇನ್ರಿ.”

“ಸುಮ್ಮನ ಹೆಂಗ ನೋಡ್ತೀರಿ? ಏನ್ ನೋಡಿದ್ರಿ ಅಂತ ಬರೀಲಿಕ್ಕೆ ಕಾಲಂ ಬೇಕಲಾ?”

ಆ ಮಾತು ಅವರು ತಮಾಷೆಗೆ ಆಡಿದ್ದಲ್ಲ. ಕಾಲಂ ಇಲ್ಲದೆ ಕಣ್ಣು ತೆರೆಯಲು ಬರುವುದಿಲ್ಲ ಎಂದು ಪ್ರಾಮಾಣಿಕವಾಗಿ ನಂಬಿದ್ದ ಮನುಷ್ಯ ಅವರು. ಹೋಗಲಿ ಎಂದು ಒಂದು ಖಾಲಿ ಹಾಳೆಯ ತಲೆಯ ಮೇಲೆ ನಂಬರು ಹಾಕಿಸಿ ಸಹಿ ಮಾಡಿಸಿಕೊಂಡೆ. ಅವರಿಗೆ ಸಮಾಧಾನವಾಯಿತು.

ಮೊದಲನೇ ದಿನ ಬೆಳಿಗ್ಗೆ ಏಳಕ್ಕೆ ಗಾಜಿನ ಮುಂದೆ ನಿಂತೆ. ಒಳಗೆ ಮೂರು ಬಿಳಿ ಆಕೃತಿಗಳು. ಹಳೇ ಚಾಳಿ ಬಿಡದೆ ಮನಸ್ಸಿನಲ್ಲೇ ಇಪ್ಪತ್ತೆರಡು ಸಾಲು ಓದುತ್ತಿದ್ದೆ. ಸ್ಪ್ರೇ, ಹೌದು. ಗಾರ್ಡು, ಹೌದು. ಹತ್ತು ನಿಮಿಷದಲ್ಲಿ ಎಲ್ಲ ‘ಹೌದು’ಗಳೂ ಮುಗಿದವು, ನಾನು ನೋಡಿದ್ದೂ ಮುಗಿಯಿತು. ಎರಡನೇ ದಿನ ಕಾಲು ನೋಯಲು ಶುರುವಾಯಿತು. ಹೋಗಿ ಬರುವವರು ಕುಹಕದಿಂದ ನೋಡಿದರು. ಒಬ್ಬ ಇಂಜಿನಿಯರು ‘ಸಿನಿಮಾ ಚೆನ್ನಾಗಿದೆಯೇ’ ಎಂದು ಕೇಳಿ ಹೋದ. ಅವತ್ತು ಮಷಿನ್ ಚಾಲೂ ಮಾಡಿದವನು ಸಾವರ್ಡೆ ಕಡೆಯ ಒಬ್ಬ ಆಪರೇಟರ್. ಅವನ ಎಲ್ಲ ಕೆಲಸವೂ ನನಗೆ ಸಹಜವಾಗಿಯೇ ಕಂಡಿತು. ಆ ‘ಸಹಜವಾಗಿ’ ಎಂಬುದರಲ್ಲಿ ನನ್ನ ಮೂರ್ಖತನವೆಲ್ಲ ಕೂತಿತ್ತು ಎಂದು ಮಾರನೇ ದಿನ ಗೊತ್ತಾಯಿತು.

ಮೂರನೇ ದಿನ ಚಾಲೂ ಮಾಡಲು ಬಂದವಳು ಕುಠ್ಠಾಳಿಯ ಕ್ರಿಶ್ಚಿಯನ್ ಹೆಂಗಸು. ನಿಧಾನ ಸ್ವಭಾವದ, ಅಚ್ಚುಕಟ್ಟು ಕೆಲಸದವಳು. ಸ್ಪ್ರೇ ಮಾಡಿದಳು, ಗಾರ್ಡು ಮುಚ್ಚಿದಳು, ದೀಪ ನೋಡಿದಳು. ಬಟನ್ ಒತ್ತುವ ಮೊದಲು ಬಲಗೈ ಎತ್ತಿ ಹಣೆಗೆ ಮುಟ್ಟಿಸಿದಳು, ಎದೆಗೆ ಮುಟ್ಟಿಸಿದಳು, ಎಡ ಭುಜಕ್ಕೆ, ಬಲ ಭುಜಕ್ಕೆ. ಶಿಲುಬೆಯ ಗುರುತು. ಆಮೇಲೆ ಅದೇ ಬೆರಳಲ್ಲಿ ಬಟನ್ ಒತ್ತಿದಳು, ಅದೇ ಬೆರಳುಗಳನ್ನು ತಟ್ಟೆಯ ಮೇಲೆ ಒತ್ತಿದಳು.

ಸಿಕ್ಕಿತು! ನಾನು ಗಾಜನ್ನೇ ಗುದ್ದಿಬಿಟ್ಟೆ. ಅವಳು ಬೆಚ್ಚಿ ತಿರುಗಿ, ಏನಾಯಿತು ಎಂದು ಕೈಯಲ್ಲೇ ಕೇಳಿದಳು. ಹಣೆಗೆ ಕೈ ಹೋದಾಗ ಬೆರಳು ತಾಗಿದ್ದು ಕನ್ನಡಕದ ಅಂಚಿಗೆ. ಕನ್ನಡಕ ಹಾಕಿಕೊಳ್ಳುವುದು ಎರಡನೇ ಜೊತೆ ಗವಸಿಗೆ ಮೊದಲು. ಮಳೆಗಾಲದಲ್ಲಿ ಅದಕ್ಕೆ ಆವಿ ಕೂರುತ್ತದೆ, ಎಲ್ಲರೂ ಅದನ್ನು ಮೇಲೆ ಕೆಳಗೆ ಸರಿಸಿ ಹಣೆಯ ಬೆವರು ಹತ್ತಿಸಿಕೊಂಡೇ ಒಳಗೆ ಹೋಗುತ್ತಾರೆ. ನಾವು ಎದೆಯ ಮೇಲಿನಿಂದ, ತೋಳಿನ ಮೇಲಿನಿಂದ ಮಾದರಿ ತೆಗೆಯುತ್ತೇವೆ. ಕನ್ನಡಕದಿಂದ ತೆಗೆಯುವುದಿಲ್ಲ. ಒಳಗೆ ಹೋದ ಮೇಲೆ ಕನ್ನಡಕವನ್ನು ಯಾರೂ ಮುಟ್ಟುವುದಿಲ್ಲ ಎಂದು ನಿಯಮದಲ್ಲಿ ಬರೆದಿದೆ, ಹಾಗಾಗಿ ಮುಟ್ಟುವುದಿಲ್ಲ ಎಂದು ನಂಬಿದ್ದೆವು.

ಖಾಲಿ ಹಾಳೆಯ ಮೇಲೆ ‘ಕ್ರಿಶ್ಚಿಯನ್ ಆಪರೇಟರುಗಳು’ ಎಂದು ಬರೆದೂಬಿಟ್ಟೆ. ಬರೆದು ಮುಗಿಸುವಷ್ಟರಲ್ಲಿ ಪೆನ್ನು ನಿಂತಿತು. ಒಂಬತ್ತು ತಟ್ಟೆಗಳ ಹಾವೇರಿಯವಳು ಕ್ರಿಶ್ಚಿಯನ್ ಅಲ್ಲವಲ್ಲ.

ಲ್ಯಾಬಿಗೆ ಹೋಗಿ ಅವಳ ದೃಶ್ಯಗಳನ್ನು ಮತ್ತೆ ಹಾಕಿದೆ. ಚೆಕ್‌ಲಿಸ್ಟು ಇಲ್ಲದೆ ಅದೇ ಮೊದಲ ಸಲ. ಗಾರ್ಡು ಮುಚ್ಚಿದಳು. ಬಲಗೈಯನ್ನು ಗಾರ್ಡಿನ ಮೇಲೆ ಒಂದು ಕ್ಷಣ ಇಟ್ಟಳು. ಆ ಕೈಯನ್ನು ತಂದು ಎರಡೂ ಕಣ್ಣಿಗೆ ಒತ್ತಿಕೊಂಡಳು, ಅಂದರೆ ಕನ್ನಡಕಕ್ಕೆ. ಬಟನ್ ಒತ್ತಿದಳು. ಒಂಬತ್ತು ದಿನವೂ ಹೀಗೇ. ನಿನ್ನೆ ಸಾವರ್ಡೆಯವನೂ ಇದನ್ನೇ ಮಾಡಿದ್ದ, ನನ್ನ ಮೂಗಿನ ಮುಂದೆ, ಒಂದು ಗಾಜಿನ ಅಂತರದಲ್ಲಿ. ಶಿಲುಬೆಯ ಗುರುತು ಕಂಡದ್ದು ಅದು ನನ್ನದಲ್ಲವಾದ್ದರಿಂದ. ನಮಸ್ಕಾರ ಕಾಣದಿದ್ದದ್ದು ನಾನು ಹುಟ್ಟಿದಾಗಿನಿಂದ ಅದರೊಳಗೇ ಇದ್ದದ್ದರಿಂದ. ನಮ್ಮ ಕಡೆ ಅಂಗಡಿಯ ಬಾಗಿಲು ತೆಗೆಯುವವನು, ಬಸ್ಸಿನ ಸ್ಟಿಯರಿಂಗ್ ಹಿಡಿಯುವವನು, ಹೊಲಿಗೆ ಯಂತ್ರದ ಮುಂದೆ ಕೂರುವವಳು ಎಲ್ಲರೂ ಮುಟ್ಟಿ ಕಣ್ಣಿಗೆ ಒತ್ತಿಕೊಂಡೇ ಶುರುಮಾಡುವುದು. ಅದನ್ನು ಯಾರು ಕೂತು ನೋಡುತ್ತಾರೆ?

ಕನ್ನಡಕಗಳಿಂದ ಮಾದರಿ ತೆಗೆದು ಪೆಟ್ಟಿಗೆಯಲ್ಲಿಟ್ಟೆ. ಇನ್ನು ಐದು ದಿನ ಕಾಯಬೇಕು. ತಿಂಗಳು ಮುಗಿಯಲು ಹನ್ನೊಂದು ದಿನ. ಅವತ್ತೇ ಮಧ್ಯಾಹ್ನ ಗೇಟಿನ ಬೆಂಚಿಗೆ ಹೋಗಿ ಅವಳ ಪಕ್ಕ ಕೂತೆ.

“ಮಷಿನ್ ಚಾಲೂ ಮಾಡೂಮುಂದ ಏನೇನ್ ಮಾಡ್ತೀರಿ, ಒಂದೊಂದ ಹೇಳ್ರಿ.”

“ಸ್ಪ್ರೇ ಹೊಡೀತೇನ್ರಿ. ಗಾರ್ಡ್ ಹಾಕ್ತೇನಿ. ಲೈಟ್ ನೋಡ್ತೇನಿ. ಬಟನ್ ಒತ್ತತೇನಿ.”

“ಗಾರ್ಡ್ ಹಾಕಿದ ಮ್ಯಾಲೆ, ಬಟನ್ ಒತ್ತೂಕಿಂತ ಮೊದಲ?”

“ಏನೂ ಮಾಡಂಗಿಲ್ರಿ.”

ನಾನು ಎದ್ದು ನಿಂತು, ಸೆಕ್ಯುರಿಟಿಯವನ ಮೇಜು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ತೋರಿಸಿದೆ. ಅವಳಿಗೆ ನಗು ಬಂತು.

“ಅದಾ? ಅದ್ ಮಾಡೂದ ಅಲ್ರೀ ಸರ, ಅದ್ ನಮಸ್ಕಾರ.” ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. “ಯಾಕ್ರಿ, ನೀವೂ ಮಾಡ್ತೀರಲಾ?”

“ನಾ? ನಾ ಯಾವಾಗ ಮಾಡೇನಿ?”

“ಹೋದ ತಿಂಗಳ ಟ್ರಯಲ್ ದಿವಸ ಒಳಗ ಬಂದಿದ್ರಲ್ರಿ. ನನ್ನ ಬಾಜೂಕ ನಿಂತು ಪ್ಲೇಟ್ ಇಟ್ರಿ, ಇಟ್ಟು ಗಾರ್ಡ್ ಮುಟ್ಟಿ ಕಣ್ಣಿಗೆ ಒತ್ಕೊಂಡ್ರಿ. ನಾ ನೋಡೇನಿ. ಸರ ಇಷ್ಟ ಓದಿದವ್ರು, ಆದ್ರೂ ಮಷಿನ್ನಿಗೆ ಕೈ ಮುಗೀತಾರಲಾ ಅಂತ ಭಾಳ ಚಲೋ ಅನಿಸಿತ್ರಿ.”

ಟ್ರಯಲ್ ದಿನ ಎಂದರೆ ಔಷಧದ ಬದಲು ಸೂಕ್ಷ್ಮಜೀವಿಗಳ ಆಹಾರವನ್ನು ತುಂಬಿ ಪರೀಕ್ಷೆ ಮಾಡುವ ದಿನ. ಅವತ್ತು ನಾನೂ ಒಳಗೆ ಹೋಗುತ್ತೇನೆ, ನನ್ನ ಬೆರಳನ್ನೂ ಒತ್ತಿಸಿಕೊಳ್ಳುತ್ತಾರೆ. ಲ್ಯಾಬಿಗೆ ವಾಪಸು ಹೋಗಿ ದೃಶ್ಯ ಹಾಕಿದೆ. ಅವಳು ಹೇಳಿದ್ದು ಅಕ್ಷರಶಃ ಖರೆ. ಆಮೇಲೆ ನನ್ನ ಬೆರಳಿನ ತಟ್ಟೆಯ ದಾಖಲೆ ತೆಗೆದೆ, ತೆಗೆಯುವ ಅಗತ್ಯವಿರಲಿಲ್ಲ. ಆ ತಟ್ಟೆಯಲ್ಲೂ ಒಂದು ಚುಕ್ಕೆ ಎದ್ದಿತ್ತು. ಅದನ್ನು ಓದಿದವನು ನಾನೇ. ‘ತಟ್ಟೆ ಹಿಡಿಯುವಾಗ ಆದ ಲ್ಯಾಬ್ ದೋಷ’ ಎಂದು ಷರಾ ಬರೆದು ಪಕ್ಕಕ್ಕೆ ಸರಿಸಿದವನೂ ನಾನೇ. ಸಲಹೆಗಾರರು ಮೂಲೆಗೆ ತಳ್ಳಿದ ಎರಡು ಅಪವಾದಗಳಲ್ಲಿ ಒಂದು ಕುಠ್ಠಾಳಿಯವಳದು, ಇನ್ನೊಂದು ನನ್ನದು. ಹಾವೇರಿಯವಳ ಬೆರಳಿನ ಚುಕ್ಕೆ ಅವಳ ಕೊಳಕು, ನನ್ನ ಬೆರಳಿನ ಚುಕ್ಕೆ ಲ್ಯಾಬಿನ ತಪ್ಪು! ಬರೆಯುವಾಗ ಎರಡನೇ ಸಲ ಯೋಚಿಸಿರಲೂ ಇಲ್ಲ, ಯಾಕೆಂದರೆ ನಾನು ಸುಳ್ಳು ಬರೆಯುತ್ತಿದ್ದೇನೆ ಎಂದು ನನಗೆ ಅನಿಸಿರಲಿಲ್ಲ. ನನ್ನ ಕೈ ಶುಚಿ ಎಂಬುದರಲ್ಲಿ ನನಗೆ ಅಷ್ಟು ನಂಬಿಕೆ.

ಐದನೇ ದಿನ ಕನ್ನಡಕಗಳ ತಟ್ಟೆಗಳನ್ನು ಹೊರತೆಗೆದೆ. ಹತ್ತರಲ್ಲಿ ಏಳರ ಮೇಲೆ ಅದೇ ಗೊಂಚಲು ಜೀವಿಗಳು. ಯಾರು ಹಾಕಿಕೊಂಡರೂ ಸರಿ, ಅವರು ಎಲ್ಲಿ ವಾಸವಿದ್ದರೂ ಸರಿ.

ಇದನ್ನು ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. ಪ್ಲಾಂಟ್ ಮ್ಯಾನೇಜರು ಕೇಳಿ ಮೇಜು ತಟ್ಟಿದರು.

“ಶಾಬ್ಬಾಸ್! ಅಂದ್ರ ಆಕೀದ ತಪ್ಪು ಅಂತ ಖಾತ್ರಿ ಆತು. ಇಷ್ಟು ದಿವಸ ಬರೇ ಅನುಮಾನ ಇತ್ತು, ಈಗ ವಿಡಿಯೋನ ಸಿಕ್ಕದ. ಬರದ ಕೊಡ್ರಿ.”

ಫೋನಿನಲ್ಲಿದ್ದ ಸಲಹೆಗಾರರಿಗೂ ಅಷ್ಟೇ ಖುಷಿ. ಅವರು ಅದಕ್ಕೆ ಆಗಲೇ ಹೆಸರಿಟ್ಟಿದ್ದರು: ‘ಅನಧಿಕೃತ ಅಂಗಚಲನೆ’. ಕೊನೆಯ ಸಭೆಗೆ ತಾವೇ ಬಂದು ಇದನ್ನು ತಮ್ಮ ವಿಶ್ಲೇಷಣೆಯ ಫಲ ಎಂದು ಮಂಡಿಸುವುದಾಗಿ ಹೇಳಿದರು. ಮೂರು ದಿನ ಗಾಜಿನ ಮುಂದೆ ನಿಂತು ನಾನು ತಂದದ್ದು ಅವಳನ್ನು ಉಳಿಸುವ ಹಗ್ಗವಲ್ಲ, ನೇಣಿನ ಹಗ್ಗ ಎಂದು ಆಗ ತಿಳಿಯಿತು. ಮೊದಲು ಅವಳು ಕೊಳಕು ಮಾತ್ರ ಆಗಿದ್ದಳು, ಈಗ ನಿಯಮ ಮುರಿದವಳೂ ಆದಳು.

ಎರಡು ರಾತ್ರಿ ನಿದ್ದೆ ಬರಲಿಲ್ಲ. ನನ್ನ ತಟ್ಟೆಯ ವಿಷಯ ನನ್ನ ಹೊರತು ಯಾರಿಗೂ ಗೊತ್ತಿರಲಿಲ್ಲ. ಔಷಧ ಕಾರ್ಖಾನೆಯಲ್ಲಿ ಲ್ಯಾಬಿನವನೇ ತನ್ನ ಫಲಿತಾಂಶ ತಿದ್ದಿದ ಎಂದರೆ ಅದಕ್ಕಿಂತ ದೊಡ್ಡ ಅಪರಾಧ ಇನ್ನೊಂದಿಲ್ಲ. ಅವಳಿಗೆ ವೆರ್ಣಾದ ಗೇಟುಗಳು ಮುಚ್ಚುವ ಹಾಗೆ ನನಗೆ ದೇಶದ ಗೇಟುಗಳು ಮುಚ್ಚಬಹುದಿತ್ತು. ಹೆಂಡತಿಗೆ ಹೇಳಿದೆ. ಅವಳು, “ಹೇಳೂದಿದ್ರ ಪೂರ್ತಿ ಹೇಳ್ರಿ, ಅರ್ಧಾ ಹೇಳಿ ದೊಡ್ಡವ್ರ ಆಗಬ್ಯಾಡ್ರಿ” ಎಂದಳು. ಸಮಾಧಾನವನ್ನೇನೂ ಹೇಳಲಿಲ್ಲ.

ಕೊನೆಯ ಸಭೆಗೆ ಸಲಹೆಗಾರರು ಹೊಸ ಟೈ ಕಟ್ಟಿಕೊಂಡು ಬಂದಿದ್ದರು. ನಾನು ನಾಲ್ಕು ತುಣುಕು ದೃಶ್ಯ ತಂದಿದ್ದೆ. ಸಮಯ, ತಾರೀಖು ಕಾಣುವ ಜಾಗಕ್ಕೆ ಪರದೆಯ ಮೇಲೆ ಒಂದು ಕಾಗದದ ಪಟ್ಟಿ ಅಂಟಿಸಿದೆ. ನಾಲ್ಕರಲ್ಲೂ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಸುತ್ತಿಕೊಂಡ ಒಂದು ಆಕೃತಿ ಗಾರ್ಡು ಮುಟ್ಟುತ್ತದೆ, ಕಣ್ಣಿಗೆ ಒತ್ತಿಕೊಳ್ಳುತ್ತದೆ.

“ಇದರಲ್ಲಿ ಆ ಆಪರೇಟರ್ ಯಾರು, ನೀವೇ ಗುರುತಿಸಿ” ಎಂದೆ. “ಮೂರು ತಿಂಗಳ ಅಂಕಿ ನೋಡಿದವರು ನೀವು.”

ಅವರು ಇಂಥ ಅವಕಾಶ ಬಿಡುವವರಲ್ಲ. ಎರಡು ಸಲ ಹಾಕಿಸಿಕೊಂಡು ನೋಡಿದರು. ಪೆನ್ನಿನಿಂದ ಮೂರನೆಯದನ್ನು ತೋರಿಸಿದರು. ಅನುಮಾನವೇ ಬೇಡ ಎಂದರು. ಕೈ ಎತ್ತುವ ರೀತಿ ನೋಡಿ, ತರಬೇತಿಯ ಕೊರತೆ ಎದ್ದು ಕಾಣುತ್ತದೆ ಎಂದರು. ಸಾಮಾನ್ಯವಾಗಿ ಆ ಹಿನ್ನೆಲೆಯಿಂದ ಬಂದವರಲ್ಲಿ ಈ ಬಗೆಯ ಅಜಾಗ್ರತೆ ಇರುತ್ತದೆ ಎಂದೂ ಸೇರಿಸಿದರು. ಪ್ಲಾಂಟ್ ಮ್ಯಾನೇಜರು, “ಹೌದ್ರಿ, ಆಕೀನ ಅದಾಳ” ಎಂದರು.

“ಅದು ನಾನು” ಎಂದೆ.

ಕಾಗದದ ಪಟ್ಟಿ ಕಿತ್ತು ತಾರೀಖು ತೋರಿಸಿದೆ. ನನ್ನ ತಟ್ಟೆಯ ದಾಖಲೆ, ನನ್ನದೇ ಅಕ್ಷರದ ಷರಾ ಎರಡನ್ನೂ ಮೇಜಿನ ಮೇಲೆ ಇಟ್ಟೆ. ಇದು ಒಬ್ಬಳ ತಪ್ಪಲ್ಲ, ಮಷಿನ್ ಚಾಲೂ ಮಾಡುವ ಪ್ರತಿಯೊಬ್ಬರೂ ಏನಾದರೊಂದು ಮಾಡುತ್ತಾರೆ, ಮಾಡಬಾರದು ಎಂದು ಯಾರೂ ಯಾರಿಗೂ ಕಲಿಸಿಲ್ಲ, ಯಾಕೆಂದರೆ ಕಲಿಸುವವರೂ ಅದನ್ನೇ ಮಾಡುತ್ತಾರೆ ಎಂದೆ. ತೆಗೆಯುವುದಾದರೆ ನನ್ನಿಂದ ಶುರುಮಾಡಿ ಎಂದೆ. ಸಲಹೆಗಾರರು ಲ್ಯಾಪ್‌ಟಾಪಿನ ಮುಚ್ಚಳ ಸ್ವಲ್ಪ ಬಗ್ಗಿಸಿಕೊಂಡು ಅದರೊಳಗೆ ಏನನ್ನೋ ಹುಡುಕತೊಡಗಿದರು. ಮುಂದಿನ ಅರ್ಧ ಗಂಟೆ ಅವರು ‘ಗಮನಿಸಿದೆ’ ಎಂಬ ಪದ ಬಳಸಲಿಲ್ಲ. ಆ ತಿಂಗಳಲ್ಲಿ ನನಗೆ ಸಿಕ್ಕ ಒಂದೇ ಸುಖ ಅದು.

ಸಂಜೆಯೊಳಗೆ ಅವಳ ಕಾಂಟ್ರ್ಯಾಕ್ಟು ಮುಂದುವರಿಯಿತು. ನನಗೆ ಎಚ್ಚರಿಕೆಯ ಪತ್ರ ಸಿಕ್ಕಿತು, ಆರು ತಿಂಗಳು ತಟ್ಟೆ ಓದುವ ಅಧಿಕಾರ ಹೋಯಿತು. ಕಡಿಮೆಯೇ ಆಯಿತು. ಚೆಕ್‌ಲಿಸ್ಟಿಗೆ ಇಪ್ಪತ್ತಮೂರನೇ ಸಾಲು ಸೇರಿತು: ಕೈ ಕನ್ನಡಕಕ್ಕೆ ತಾಗಿತೇ? ಇನ್ನು ಮೇಲೆ ಎಲ್ಲರೂ ಆ ಸಾಲನ್ನು ಹುಡುಕುತ್ತಾರೆ, ಇಪ್ಪತ್ತನಾಲ್ಕನೆಯದನ್ನು ಯಾರೂ ನೋಡುವುದಿಲ್ಲ.

ಬಸ್ಸಿನ ಹೊತ್ತಿಗೆ ಬೆಂಚಿನ ಹತ್ತಿರ ಹೋಗಿ ಅವಳಿಗೆ ಸುದ್ದಿ ಹೇಳಿದೆ. ನಾಳೆಯಿಂದ ಕಾರ್ಡು ಚಾಲೂ, ಮಷಿನ್ನೂ ನಿಮ್ಮದೇ, ಆದರೆ ಆ ನಮಸ್ಕಾರ ಮಾತ್ರ ಬೇಡ ಎಂದೆ. ಅವಳು ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಎದ್ದು ನಿಂತಳು. ಎದುರಿಗೆ ಮಷಿನ್ ಇದೆಯೆಂಬಂತೆ ಗಾರ್ಡು ಮುಚ್ಚಿದಳು. ಬಲಗೈ ತಾನಾಗಿ ಮುಂದೆ ಹೋಯಿತು, ಅಲ್ಲೇ ತಡೆದಳು. ಆ ಕೈಯನ್ನು ಒಮ್ಮೆ ಎದೆಯ ಹತ್ತಿರ ತಂದಳು, ಬೇಡವೆಂದು ಕೆಳಗಿಳಿಸಿದಳು, ಮತ್ತೆ ಎತ್ತಿದಳು.

“ಹಂಗಾರ ಸರ, ಆ ಹೊತ್ತಿನ್ಯಾಗ ಈ ಕೈ ಎಲ್ಲೆ ಇಟ್ಕೋಬೇಕ್ರಿ?”

ನಾನೂ ಅವಳ ಪಕ್ಕ ನಿಂತು, ಇಲ್ಲದ ಗಾರ್ಡು ಮುಚ್ಚಿ ನೋಡಿದೆ. ನನ್ನ ಬಲಗೈಯೂ ತಾನಾಗಿ ಮುಂದೆ ಹೋಯಿತು.